ಪಕ್ಕದ ಮನೆ ನಾಯಿ ಓಡಿಸುವ ಅಲ್ಟ್ರಾಸೋನಿಕ್ ಡಬ್ಬಿ: ಕೊಡಗಿನ ಮಳೆಯಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪಕ್ಕದ ಮನೆ ನಾಯಿ ಅಂಗಳಕ್ಕೆ ಬರಬಾರದು ಅಂತ, ನಮ್ಮ ಕಿವಿಗೆ ಕೇಳದ ಶಬ್ದ ಬಿಟ್ಟು ನಾಯಿ ಓಡಿಸುವ ಈ ಅಲ್ಟ್ರಾಸೋನಿಕ್ ಡಬ್ಬಿ ತರಿಸುವ ಯೋಚನೆ ಇದ್ದರೆ, ನಮ್ಮ ಕಡೆಯವರು ಅದಕ್ಕೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಳ್ಳೆಯ ತಂತಿ ಬಲೆ ಹಾಕಿಸಿ. ನಾನು ತರಿಸುವ ಮುಂಚೆ ಓದಿದ ರಿವ್ಯೂಗಳೆಲ್ಲ ಪೇಟೆಯವರು ಬರೆದದ್ದು. ಮಳೆ, ತೋಟ, ಕೋಳಿ, ಇಳಿಜಾರು ಎಲ್ಲ ಇರುವ ಜಾಗದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪ ಕಡೆ. ಮನೆ ಸುತ್ತ ಕಾಫಿ, ಹಿತ್ತಲಲ್ಲಿ ನಾಟಿ ಕೋಳಿ. ಪಕ್ಕದ ತೋಟದವರು ಎರಡು ನಾಯಿ ಸಾಕಿದ್ದಾರೆ. ಸಂಜೆ ಬಿಟ್ಟರೆ ಬೆಳಗ್ಗೆ ಬಿಸಿಲು ಬರುವವರೆಗೆ ಅವು ಊರೆಲ್ಲ ಸುತ್ತುತ್ತವೆ. ಬಿಡುವುದಕ್ಕೆ ಕಾರಣ ಇಲ್ಲ ಅಂತಲ್ಲ. ಕಾಫಿಗೆ ಬೆಲೆ ಏರಿದ ಮೇಲೆ ಕಣದಲ್ಲಿ ಒಣಗಲು ಹಾಕಿದ್ದನ್ನೂ ಬಿಡದೆ ಗಿಡದಲ್ಲಿರುವುದನ್ನೂ ಬಿಡದೆ ಕದಿಯುವವರ ಕಾಟ ಜಾಸ್ತಿಯಾಗಿದೆ, ರಾತ್ರಿ ನಾಯಿ ಬೊಗಳಿದರೆ ಪಕ್ಕದವರಿಗೆ ಒಂದು ಧೈರ್ಯ. ಆದರೆ ನಾಯಿಗೆ ಗಡಿಕಲ್ಲು ಗೊತ್ತಾಗುತ್ತದಾ? ಬೇಲಿ ನುಸುಳಿ ಬಂದು ಕೋಳಿ ಹಿಡಿಯುವುದು, ಕಣದಲ್ಲಿ ಹರಡಿದ ಕಾಫಿ ಮೇಲೆ ಓಡಾಡಿ ಅಲ್ಲೇ ಗಲೀಜು ಮಾಡುವುದು, ಬೆಳಗ್ಗೆ ಶಾಲೆ ಬಸ್ಸಿಗೆ ನಡೆದು ಹೋಗುವ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವುದು. ಕೋಳಿ ಹೋದರೆ ಇನ್ನೊಂದು ತರಬಹುದು. ಮಕ್ಕಳು ಹೆದರಿ ಶಾಲೆಗೇ ಹೋಗಲ್ಲ ಅಂತ ಅಳುವುದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ.

ಆನ್‌ಲೈನ್‌ನಲ್ಲಿ ಎರಡು ಥರ ಸಿಗುತ್ತದೆ. ಒಂದು ಕೈಯಲ್ಲಿ ಹಿಡಿಯುವ ಟಾರ್ಚಿನಂಥದ್ದು, ಒಳಗೆ 9 ವೋಲ್ಟ್ ಬ್ಯಾಟರಿ, ಗುಂಡಿ ಒತ್ತಿದರೆ ಶಬ್ದ. ಇನ್ನೊಂದು ಗೋಡೆಗೋ ಕಂಬಕ್ಕೋ ಸಿಕ್ಕಿಸುವ ಡಬ್ಬಿ. ಮೇಲೆ ಚಿಕ್ಕ ಸೋಲಾರ್ ಪ್ಯಾನೆಲ್, ಮುಂದೆ ಸೆನ್ಸರ್, ಏನಾದರೂ ಅಲ್ಲಾಡಿದರೆ ತಾನೇ ಶಬ್ದ ಬಿಟ್ಟು ಲೈಟು ಮಿನುಗಿಸುತ್ತದೆ. ನಾನು ಎರಡನ್ನೂ ತರಿಸಿದೆ. ಕಂಪನಿ ಹೆಸರು ಬರೆಯಲ್ಲ. ಒಂದೇ ಥರದ ಡಬ್ಬಿಯನ್ನು ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ, ಹೆಸರು ಬರೆದೂ ಪ್ರಯೋಜನ ಇಲ್ಲ.

ಲೆಕ್ಕದಲ್ಲಿ ಇದು ಸುಳ್ಳು ವಸ್ತು ಏನಲ್ಲ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ, ನಾಯಿಗೆ ಸುಮಾರು 45,000ದವರೆಗೆ. ನಮಗೆ ಕೇಳದೆ ನಾಯಿಗೆ ಕಿರಿಕಿರಿ ಮಾಡುವ ಶಬ್ದವನ್ನು ಈ ಡಬ್ಬಿ ಬಿಡುತ್ತದೆ. ತೊಂದರೆ ಏನೆಂದರೆ, ಇಷ್ಟು ಹೆಚ್ಚು ಹರ್ಟ್ಸ್‌ನ ಶಬ್ದ ಗಾಳಿಯಲ್ಲಿ ಬೇಗ ಸೋತುಹೋಗುತ್ತದೆ. ನೇರ ಹೋಗುತ್ತದೆ, ಅಡ್ಡ ಸಿಕ್ಕಿದ್ದನ್ನು ಸುತ್ತಿ ಆಚೆ ಹೋಗುವುದಿಲ್ಲ. ಮುಂದೆ ಒಂದು ದಟ್ಟ ಕಾಫಿ ಗಿಡ ಇದ್ದರೆ ಅದರ ಹಿಂದಿನ ನಾಯಿಗೆ ಹೆಚ್ಚೇನೂ ಮುಟ್ಟಲ್ಲ. ಡಬ್ಬಿ ಮೇಲೆ ಬರೆದಿರುವ ದೂರ ಬಯಲಿನದ್ದು. ತೋಟದಲ್ಲಿ ಬಯಲು ಎಲ್ಲಿದೆ?

ಕೈಯಲ್ಲಿ ಹಿಡಿಯುವುದಕ್ಕೆ ಸ್ವಲ್ಪ ಮಾರ್ಕು ಕೊಡುತ್ತೇನೆ. ರಸ್ತೆಯಲ್ಲಿ ನಾಯಿ ಎದುರಿಗೆ ಓಡಿ ಬಂದಾಗ ಒತ್ತಿದರೆ, ಪಕ್ಕದವರ ಎರಡು ನಾಯಿಗಳಲ್ಲಿ ಚಿಕ್ಕದು ಥಟ್ಟನೆ ನಿಂತು ತಲೆ ಓರೆ ಮಾಡಿ ಹಿಂದೆ ಸರಿಯಿತು. ದೊಡ್ಡದಕ್ಕೆ ವಯಸ್ಸಾಗಿದೆ, ಅದು ಕೇಳಿಸಿಯೇ ಇಲ್ಲ ಅನ್ನುವ ಹಾಗೆ ಬಂತು. ವಯಸ್ಸಾದ ನಾಯಿಗಳಿಗೆ ಕಿವಿ ಮಂದ ಆಗುತ್ತದೆ ಅಲ್ವಾ, ಹಾಗಾಗಿ ಆಶ್ಚರ್ಯ ಇಲ್ಲ. ಬರುಬರುತ್ತಾ ಚಿಕ್ಕದಕ್ಕೂ ಅಭ್ಯಾಸ ಆಯಿತು. ಶಬ್ದ ಬರುತ್ತದೆ, ಆದರೆ ಆಮೇಲೆ ಏನೂ ಆಗಲ್ಲ ಅಂತ ಅದಕ್ಕೆ ಗೊತ್ತಾಗಿಬಿಟ್ಟಿತು. ಒಬ್ಬರೇ ನಡೆದು ಹೋಗುವವರಿಗೆ ಒಂದು ಧೈರ್ಯಕ್ಕೆ ಪರವಾಗಿಲ್ಲ. ಮಕ್ಕಳ ಕೈಗೆ ಇದನ್ನು ಕೊಟ್ಟು ಕಳಿಸಿ ನಿಶ್ಚಿಂತೆಯಿಂದ ಇರಬೇಡಿ. ಅವರಿಗೆ ಕಲಿಸಬೇಕಾದದ್ದು ಬೇರೆ: ಓಡಬಾರದು, ಕಣ್ಣಿಗೆ ಕಣ್ಣು ಇಟ್ಟು ನೋಡಬಾರದು, ಕೈ ಮೈಗೆ ಒತ್ತಿಕೊಂಡು ನಿಂತುಬಿಡಬೇಕು.

ಗೋಡೆಗೆ ಹಾಕುವುದು ಮಾತ್ರ ಪೂರ್ತಿ ದಂಡ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು, ಬಿಸಿಲಿಗೆ ಚಾರ್ಜ್ ಆಗುತ್ತಿತ್ತು, ರಾತ್ರಿ ಲೈಟು ಮಿನುಗಿದರೆ ನಾಯಿಗಳು ಒಂದಷ್ಟು ದಿನ ಅನುಮಾನದಿಂದ ದೂರವೇ ನಿಂತವು. ಜೂನ್ ಬಂತು ನೋಡಿ. ನಮ್ಮ ಮಳೆಯಲ್ಲಿ ಬಿಸಿಲಿನ ಮುಖ ನೋಡದೆ ವಾರಗಟ್ಟಲೆ ಹೋಗುತ್ತದೆ, ಅಷ್ಟು ಚಿಕ್ಕ ಪ್ಯಾನೆಲ್‌ಗೆ ಎಲ್ಲಿಂದ ಚಾರ್ಜ್ ಬರಬೇಕು? ರಾತ್ರಿ ನಾಯಿ ಬರುವ ಹೊತ್ತಿಗೆ ಡಬ್ಬಿ ಸತ್ತಿರುತ್ತಿತ್ತು. ಒಳಗೆ ಹಬೆ ಕಟ್ಟಿತು, ಆಮೇಲೆ ತುಕ್ಕು. ವಾಟರ್‌ಪ್ರೂಫ್ ಅಂತ ದೊಡ್ಡದಾಗಿ ಬರೆದಿದ್ದರು. ತುಂತುರು ಮಳೆಗೆ ಇರಬಹುದು, ಅಡ್ಡ ಗಾಳಿಯಲ್ಲಿ ಹೊಡೆಯುವ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಖಂಡಿತ ಅಲ್ಲ. ಅಷ್ಟರಲ್ಲಿ ವಾಪಸ್ ಕೊಡುವ ಅವಧಿಯೂ ಮುಗಿದಿತ್ತು. ಬೇಸಿಗೆಯಲ್ಲಿ ತರಿಸುವವರು ಇದನ್ನು ನೆನಪಿಡಿ, ಇದರ ದೋಷ ಗೊತ್ತಾಗುವುದೇ ಮಳೆ ಶುರುವಾದ ಮೇಲೆ.

ಇನ್ನೊಂದು ಮಾತು. ಸೆನ್ಸರ್‌ಗೆ ಪಕ್ಕದ ಮನೆ ನಾಯಿ ಯಾವುದು, ನಮ್ಮ ಬೆಕ್ಕು ಯಾವುದು ಅಂತ ಗೊತ್ತಾಗಲ್ಲ. ಜಗಲಿಯಲ್ಲಿ ಕಟ್ಟಿದ್ದ ನಮ್ಮದೇ ನಾಯಿ ಆ ಶಬ್ದಕ್ಕೆ ರಾತ್ರಿಯೆಲ್ಲ ಕುಂಯ್‌ಗುಟ್ಟುತ್ತಿತ್ತು. ಬಂದ ನಾಯಿ ಎದ್ದು ಹೋಗಬಹುದು, ಕಟ್ಟಿ ಹಾಕಿದ ನಾಯಿ ಎಲ್ಲಿಗೆ ಹೋಗಬೇಕು? ಅದನ್ನು ನೋಡಿದ ದಿನವೇ ಡಬ್ಬಿ ಇಳಿಸಿಬಿಟ್ಟೆ.

ಆಮೇಲೆ ಹಾಕಿಸಿದ್ದು ಚೈನ್ ಲಿಂಕ್ ಬಲೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಜ್ ಕೇಳಿ ತೆಗೆದುಕೊಳ್ಳಿ. ನಂಬರ್ ಕಡಿಮೆಯಾದಷ್ಟು ತಂತಿ ದಪ್ಪ. 12 ಗೇಜ್ ಅಂದರೆ ಎರಡೂವರೆ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, 10 ಗೇಜ್ ಮೂರು ದಾಟುತ್ತದೆ. ನಾಯಿಗೆ 12 ಸಾಕು. ಎತ್ತರ ಐದು ಅಡಿ. ಸಿಲ್ವರ್ ಓಕ್ ಕಂಬ ನೆಡಬೇಡಿ, ಗೆದ್ದಲು ಹಿಡಿಯುತ್ತದೆ, ಕಲ್ಲು ಕಂಬ ಅಥವಾ ಸಿಮೆಂಟ್ ಕಂಬ ನೆಡಿ. ತೋಟ ಪೂರ್ತಿಗೆ ಬಲೆ ಹಾಕಿಸಲು ಹೋಗಬೇಡಿ. ನಮ್ಮ ಕಡೆ ಆನೆ ಓಡಾಡುತ್ತದೆ, ಅದರ ದಾರಿಗೆ ಅಡ್ಡ ಬಲೆ ಕಟ್ಟಿದರೆ ಒಂದೇ ರಾತ್ರಿಗೆ ಕಂಬ ಸಮೇತ ಹೋಗುತ್ತದೆ. ಮನೆ, ಕಣ, ಕೋಳಿ ಗೂಡು, ಇಷ್ಟನ್ನೇ ಸುತ್ತುವರಿದರೆ ಸಾಕು.

ಮುಖ್ಯವಾದದ್ದು ಬುಡ. ನಾಯಿ ಬೇಲಿ ಹಾರುವುದು ಕಡಿಮೆ, ಕೆರೆದು ನುಸುಳುವುದೇ ಜಾಸ್ತಿ. ಅದಕ್ಕೆ ಬಲೆಯನ್ನು ನೆಲದ ಹತ್ತಿರ ನಿಲ್ಲಿಸದೆ, ಇನ್ನೊಂದು ಒಂದೂವರೆ ಅಡಿ ಬಿಟ್ಟು, ಹೊರಗಿನ ಕಡೆಗೆ ಮಡಚಿ ನೆಲದ ಮೇಲೆ ಮಲಗಿಸಬೇಕು. ಅದರ ಮೇಲೆ ನಾಲ್ಕು ಇಂಚು ಮಣ್ಣು, ಮೇಲೆ ಕಲ್ಲು. ನಾಯಿ ಬೇಲಿ ಬುಡಕ್ಕೇ ಬಂದು ಕೆರೆಯುತ್ತದೆ, ಉಗುರಿಗೆ ತಂತಿ ಸಿಕ್ಕುತ್ತದೆ, ಬಿಟ್ಟುಬಿಡುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡಬೇಕು ಅಂತ ಅದಕ್ಕೆ ಹೊಳೆಯಲ್ಲ. ಕೆಲಸಕ್ಕೆ ಬಂದವರು ಇದನ್ನು ಬೇಡ ಅಂದರು, ಸುಮ್ನೆ ಬಲೆ ದಂಡ ಅಂದರು. ನಾನು ನಿಂತು ಮಾಡಿಸಿದೆ. ಇಡೀ ಬೇಲಿಯಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಆ ಒಂದೂವರೆ ಅಡಿಯಿಂದ. ಗೇಟಿನ ಕೆಳಗಿನ ಸಂದಿಗೂ ಒಂದು ಕಲ್ಲು ಚಪ್ಪಡಿ ಹಾಸಿ.

ಮುಂಗುಸಿ, ಪುನುಗು ಬೆಕ್ಕು ಇದ್ದರೆ ಈ ಬಲೆಯ ಎರಡು ಇಂಚಿನ ಕಣ್ಣು ದೊಡ್ಡದಾಯಿತು, ಅವು ನುಸುಳುತ್ತವೆ. ಗೂಡಿಗೆ ಬೇರೆ ಸಣ್ಣ ಬಲೆ ಬೇಕೇ ಬೇಕು.

ಬಲೆ ನಮ್ಮ ಅಂಗಳ ಕಾಯುತ್ತದೆ, ರಸ್ತೆಯಲ್ಲಿ ಮಕ್ಕಳನ್ನು ಕಾಯುವುದಿಲ್ಲ. ಅದಕ್ಕೆ ಪಕ್ಕದವರ ಹತ್ತಿರ ಮಾತಾಡಲೇಬೇಕಿತ್ತು. ಕೋಳಿ ವಿಷಯ ಎತ್ತಿದರೆ, "ನಮ್ಮ ನಾಯಿ ಅಂತ ಏನು ಗ್ಯಾರಂಟಿ?" ಅಂತ ಮುಗಿಸುತ್ತಿದ್ದರು. ಈ ಸಲ ಬೇರೆ ಥರ ಕೇಳಿದೆ. "ಅಣ್ಣ, ಚಿರತೆ ಕಾಟ ನಿಮಗೂ ಗೊತ್ತು. ರಾತ್ರಿ ಒಂಟಿಯಾಗಿ ಅಲೆಯುವ ನಾಯಿಯನ್ನೇ ಅದು ಮೊದಲು ಹಿಡಿಯುವುದು. ಕಣದ ಸುತ್ತ ಬಲೆ ಹಾಕಿ ಅದರೊಳಗೇ ಬಿಟ್ಟರೆ ನಿಮ್ಮ ಕಾಫಿಯೂ ಉಳಿಯುತ್ತದೆ, ನಾಯಿಯೂ ಉಳಿಯುತ್ತದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲೆ ಹಾಕಿದವರ ನಂಬರ್ ಕೊಡು ನೋಡುವ" ಅಂದರು. ಈಗ ಅವರ ಕಣಕ್ಕೂ ಬಲೆ ಬಂದಿದೆ. ಒಮ್ಮೊಮ್ಮೆ ಗೇಟು ಹಾಕಲು ಮರೆಯುತ್ತಾರೆ, ಆಗ ಮತ್ತೆ ಫೋನ್ ಮಾಡಬೇಕು.

ಮಾತಿಗೆ ಬಗ್ಗದವರೂ ಇರುತ್ತಾರೆ. ಅಂಥವರಿಗೆ ಕಾನೂನು ಇದೆ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದೆ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಮೊದಲು ಪಂಚಾಯಿತಿಗೆ ಬರಹದಲ್ಲಿ ದೂರು ಕೊಡಿ, ಫೋಟೋ ಇಟ್ಟುಕೊಳ್ಳಿ.

ವಿಷ ಹಾಕುವ ಮಾತು ಮಾತ್ರ ಬೇಡ. ನಾನು ಕಷ್ಟ ಹೇಳಿಕೊಂಡಾಗ ಅದನ್ನೇ ಸಲಹೆ ಕೊಟ್ಟವರಿದ್ದಾರೆ, "ಒಂದು ಗುಂಡು ಹಾಕಿದರೆ ಆಯ್ತಲ್ಲ" ಅಂದವರೂ ಇದ್ದಾರೆ. ಕೊಡಗಿನಲ್ಲಿ ಹಲವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ಪಕ್ಕದವರ ನಾಯಿ ಹೊಡೆಯಲು ಇಲ್ಲ. ಪ್ರಾಣಿಯನ್ನು ಕೊಂದರೆ ಅದೇ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲು. ಉರುಳು ಹಾಕಿದರೆ ಅದಕ್ಕೆ ಚಿರತೆಯೂ ಬೀಳುತ್ತದೆ. ಬೇಲಿಗೆ ನೇರ ಮನೆ ಕರೆಂಟು ಕೊಟ್ಟರೆ ಮನುಷ್ಯರೇ ಸಾಯುತ್ತಾರೆ. ನಾಯಿ ಏನು ಮಾಡಿತು? ಬಿಟ್ಟರು, ಬಂತು, ಅಷ್ಟೇ.

ನಾಯಿ ಕಚ್ಚಿದರೆ, ಉಗುರು ತಾಗಿ ಗೀರಿದರೂ, ತಕ್ಷಣ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಒಂದಕ್ಕೆ ಮುಗಿಯಲ್ಲ, ಅವರು ಹೇಳಿದ ದಿನಕ್ಕೆಲ್ಲ ಹೋಗಿ ಪೂರ್ತಿ ಮಾಡಿ. ಸಾಕಿದ ನಾಯಿ ತಾನೇ ಅಂತ ಬಿಡಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳಲು ಆಗುವುದಿಲ್ಲ. ಪಕ್ಕದವರ ನಾಯಿಗೆ ಲಸಿಕೆ ಆಗಿದೆಯಾ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸೆಪ್ಟೆಂಬರ್ 28ರ ರೇಬೀಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ನಾವು ಎರಡೂ ಮನೆಯ ನಾಯಿಗಳನ್ನು ಒಂದೇ ಜೀಪಿನಲ್ಲಿ ಕರೆದುಕೊಂಡು ಹೋದೆವು.

ಮಾರ್ಕು ಕೊಡಬೇಕು ಅಂದರೆ ಕೈ ಡಬ್ಬಿಗೆ ಐದಕ್ಕೆ ಎರಡು, ಗೋಡೆ ಡಬ್ಬಿಗೆ ಸೊನ್ನೆ, ಬುಡ ಮಡಚಿದ ಬಲೆಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಖರ್ಚಿಗೆ. ಹಾಕಿಸುವವರು ಮಳೆ ಇಳಿದ ಮೇಲೆ ಅಕ್ಟೋಬರ್‌ನಲ್ಲೇ ಹಾಕಿಸಿ. ನೆಲ ಮೆತ್ತಗಿರುತ್ತದೆ, ಗುಂಡಿ ತೆಗೆಯುವುದು ಸುಲಭ, ಆಳುಗಳೂ ಸಿಗುತ್ತಾರೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲಿಗೇ ಜನ ಸಾಲದು, ಬೇಲಿ ಕೆಲಸಕ್ಕೆ ಯಾರೂ ಬರಲ್ಲ.