ಗುಜ್ಜೆ, ಸೋಯಾ, ಪೊಟ್ಟಣದ ‘ಚಿಕನ್’: ಸುಕ್ಕಕ್ಕೆ ಯಾವುದು ಸರಿ?

ಪರಿಸರ ಉಳಿಸಲು ಸಸ್ಯಜನ್ಯ ಆಹಾರ ತಿನ್ನಿ ಎನ್ನುವ ಸಾಮಾಜಿಕ ಉದ್ಯಮವೊಂದರ ಪೊಟ್ಟಣಗಳು ಮಂಗಳೂರಿನಲ್ಲಿ ನಾವು ಸಾಮಾನು ತರುವ ಅಂಗಡಿಯ ಫ್ರೀಜರಿಗೂ ಬಂದಿವೆ. ಮಾಂಸ ಬಿಡಿ ಎಂದು ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ, ಮಾಂಸದಂತೆಯೇ ಇರುವ ಇನ್ನೊಂದನ್ನು ಕೈಗಿಟ್ಟರೆ ತಿನ್ನುತ್ತಾರೆ ಎಂಬುದು ಇಂಥ ಉದ್ಯಮಗಳ ಲೆಕ್ಕಾಚಾರ. ತಪ್ಪೇನಿಲ್ಲ. ಆದರೆ ಕೋರಿ ಸುಕ್ಕ (ತೆಂಗಿನತುರಿ ಹಾಕಿದ ಒಣ ಕೋಳಿ ಖಾದ್ಯ) ತಿಂದು ಬೆಳೆದ ನಾಲಗೆ ಅದನ್ನು ಒಪ್ಪಬೇಕಲ್ಲ? ಅದಕ್ಕಾಗಿ ಮನೆಯಲ್ಲಿ ಪೊಟ್ಟಣದ ಸರಕು, ಸೋಯಾ ತುಂಡು, ಗುಜ್ಜೆ (ಎಳೆ ಹಲಸಿನಕಾಯಿ) ಮೂರನ್ನೂ ಒಂದೇ ಮಸಾಲೆಯಲ್ಲಿ ಮಾಡಿ ಪಕ್ಕಪಕ್ಕದಲ್ಲಿಟ್ಟು ತಿಂದೆವು.

ಮಸಾಲೆ ಮಾಮೂಲಿನದೇ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು, ಬೆಳ್ಳುಳ್ಳಿ ಮತ್ತು ಹುಣಸೆಹುಳಿಯೊಂದಿಗೆ ಅರೆದದ್ದು. ಕೊನೆಯಲ್ಲಿ ತರಿತರಿಯಾಗಿ ತಿರುವಿದ ತೆಂಗಿನತುರಿ. ಒಗ್ಗರಣೆಗೆ ತೆಂಗಿನೆಣ್ಣೆ. ಕುಂದಾಪುರದ ಘೀ ರೋಸ್ಟ್ ಮಾಡೋಣವೆಂದು ತಮ್ಮ ಹಟ ಹಿಡಿದಿದ್ದ. ತುಪ್ಪ ಸುರಿದ ಮೇಲೆ ಸಸ್ಯಜನ್ಯ ಎನ್ನುವುದಕ್ಕೆ ಉಳಿಯುವುದೇನು ಎಂದು ಅವನ ಬಾಯಿ ಮುಚ್ಚಿಸಬೇಕಾಯಿತು.

ಮೊದಲ ತುತ್ತಿನಲ್ಲಿ ಗೆದ್ದದ್ದು ಪೊಟ್ಟಣ ಎಂದು ಒಪ್ಪಲೇಬೇಕು. ಸೋಯಾ ಪ್ರೋಟೀನ್ ಮತ್ತು ಗೋಧಿಯ ಅಂಟಿನಿಂದ ಮಾಡಿದ ತುಂಡನ್ನು ಬೆರಳಿನಿಂದ ಸೀಳಿದರೆ ಕೋಳಿಯ ಎದೆಮಾಂಸದ ಹಾಗೆಯೇ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಎರಡನೆಯ ತುತ್ತಿನಿಂದ ಅನುಮಾನ ಶುರುವಾಗುತ್ತದೆ. ಕಾರ್ಖಾನೆಯಲ್ಲೇ ಅದಕ್ಕೆ ರುಚಿ, ಉಪ್ಪು ಎಲ್ಲವನ್ನೂ ತುಂಬಿರುವುದರಿಂದ ನಮ್ಮ ಮಸಾಲೆಗೆ ಒಳಗೆ ಜಾಗವಿಲ್ಲ; ಹೊರಗೆ ಮೆತ್ತಿಕೊಂಡು ನಿಂತುಬಿಡುತ್ತದೆ. ಇನ್ನಷ್ಟು ಹೊತ್ತು ಬೇಯಿಸೋಣವೆಂದರೆ ರಬ್ಬರಾಗುತ್ತದೆ. ಬೆಲೆಯೂ ಸಣ್ಣದಲ್ಲ: ಕಾಲು ಕಿಲೋದ ಪೊಟ್ಟಣಕ್ಕೆ ಕೊಟ್ಟ ಹಣದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಕೋಳಿ ಬರುತ್ತಿತ್ತು. ಅಮ್ಮ ಒಂದು ತುಂಡು ತಿಂದು, “ಗುಜ್ಜೆಗೆ ಗುಜ್ಜೆಯದೇ ರುಚಿ ಉಂಟು, ಕೋಳಿಗೆ ಕೋಳಿಯದು. ಇದಕ್ಕೆ ಯಾರದು?” ಎಂದು ಕೇಳಿದರು.

ಸೋಯಾ ತುಂಡಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಹಾಸ್ಟೆಲಿನ ಊಟ ಎಂಬ ಹೆಸರು ಅಂಟಿಕೊಂಡಿದೆ. ಅದು ಮಾಡಿದ ತಪ್ಪೇನೂ ಇಲ್ಲ, ಹಿಂಡದೆ ಬೇಯಿಸುವವರದು ತಪ್ಪು. ಎಣ್ಣೆ ತೆಗೆದ ಮೇಲೆ ಉಳಿಯುವ ಸೋಯಾ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಯಂತ್ರದಿಂದ ಹಾಯಿಸಿ ಉಬ್ಬಿಸಿದ್ದು ಅದು. ಕಾಳಿನ ಹಸಿವಾಸನೆ ಒಳಗೇ ಕುಳಿತಿರುತ್ತದೆ. ಉಪ್ಪು ಹಾಕಿದ ಕುದಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ ಎರಡು ಮೂರು ಸಲ ಗಟ್ಟಿಯಾಗಿ ಹಿಂಡಿದರೆ ವಾಸನೆ ಹೋಗುತ್ತದೆ. ಆಮೇಲೆ ಅದು ಮಸಾಲೆಯನ್ನು ಸ್ಪಂಜಿನಂತೆ ಹೀರುತ್ತದೆ. ಒಣ ತುಂಡು ನೂರು ಗ್ರಾಮಿನಲ್ಲಿ ಸುಮಾರು 52 ಗ್ರಾಂ ಪ್ರೋಟೀನ್ ಇದೆ. ಈ ಬೆಲೆಗೆ ಇಷ್ಟು ಪ್ರೋಟೀನ್ ಬೇರೆ ಯಾವುದರಲ್ಲಿ ಸಿಗುತ್ತದೆ?

ಇನ್ನು ಗುಜ್ಜೆ. ಕೆಲಸ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳದೆ ಮುಳ್ಳುಸಿಪ್ಪೆಗೆ ಕೈ ಹಾಕಿದರೆ ಬಿಳಿ ಮೇಣ ಸಂಜೆಯವರೆಗೂ ಬಿಡುವುದಿಲ್ಲ. ಸಿಪ್ಪೆ ಕೆತ್ತಿ, ನಡುವಿನ ಗಟ್ಟಿ ದಿಂಡು ತೆಗೆದು, ಹೋಳುಗಳನ್ನು ಕಪ್ಪಾಗುವ ಮೊದಲೇ ನೀರಿಗೆ ಹಾಕಬೇಕು. ಬೀಜ ಬಲಿಯದ ಎಳೆಯ ಕಾಯಿಯೇ ಆಗಬೇಕು. ಬೀಜಕ್ಕೆ ಕಂದು ಸಿಪ್ಪೆ ಕಟ್ಟಿದ್ದರೆ ಅದು ಸುಕ್ಕಕ್ಕೆ ಬೇಡ, ಪಲ್ಯಕ್ಕೋ ಸಾಂಬಾರಿಗೋ ಹೋಗಲಿ. ಉಪ್ಪು, ಅರಿಸಿನ ಹಾಕಿ ಬೇಯಿಸಿ, ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಮಸಾಲೆ ಆ ಎಳೆಗಳ ನಡುವೆ ಇಳಿಯುತ್ತದೆ. ಮರುದಿನ ಬೆಳಿಗ್ಗೆ ನೀರುದೋಸೆಗೆ ಅದೇ ಸುಕ್ಕ ಇನ್ನೂ ರುಚಿ. ಬೇರೆ ಎರಡನ್ನು ಮರುದಿನ ಬಿಸಿ ಮಾಡಿ ತಿನ್ನಲು ಯಾರೂ ಉತ್ಸಾಹ ತೋರಲಿಲ್ಲ. ರುಚಿಯಲ್ಲಿ ನನ್ನ ಮತ ಗುಜ್ಜೆಗೆ, ಅದರಲ್ಲಿ ಚರ್ಚೆಯೇ ಇಲ್ಲ.

ಆದರೆ ಗುಜ್ಜೆಯನ್ನು ಮಾಂಸದ ಬದಲಿ ಎಂದು ಮಾರುವವರು ಒಂದು ಮಾತು ನುಂಗಿಬಿಡುತ್ತಾರೆ. ಅದರಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಹಿರಿಯರು ಗುಜ್ಜೆಯ ಜೊತೆಗೆ ಕಡಲೆ ಸೇರಿಸಿ ಸುಕ್ಕ ಮಾಡಿದ್ದು ಪೌಷ್ಟಿಕತೆಯ ಲೆಕ್ಕ ಹಾಕಿ ಅಲ್ಲದಿರಬಹುದು, ಆದರೂ ಕೊರತೆ ತುಂಬುವುದು ಅದೇ ಕಡಲೆ.

ಪರಿಸರದ ಲೆಕ್ಕಕ್ಕೆ ಬರೋಣ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಚೆಕ್ ಪ್ರಕಟಿಸಿದ ಅಧ್ಯಯನದ ಜಾಗತಿಕ ಸರಾಸರಿಯಂತೆ, ನೂರು ಗ್ರಾಂ ಪ್ರೋಟೀನಿಗೆ ಹೊರಬೀಳುವ ಹಸಿರುಮನೆ ಅನಿಲ ಆಡು–ಕುರಿ ಮಾಂಸದಲ್ಲಿ 20 ಕಿಲೋ, ಕೋಳಿಯಲ್ಲಿ 5.7, ಸೋಯಾದ ತೋಫುವಿನಲ್ಲಿ 2. ಅಂದರೆ ಭಾನುವಾರದ ಕೋಳಿಗಿಂತ ಮಟನ್ನಿನ ಜಾಗದಲ್ಲಿ ಬದಲಿ ಬಂದರೆ ಲಾಭ ಹೆಚ್ಚು. ಪೊಟ್ಟಣದ ಸರಕು ಕಾರ್ಖಾನೆಯಿಂದ ನಮ್ಮ ಒಲೆಯವರೆಗೂ ಶೀತಲವಾಗಿಯೇ ಬರಬೇಕು, ಆ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿತ್ತಿಲ ಹಲಸು ಮಳೆ ನೀರಿನಲ್ಲೇ ಬೆಳೆದು, ಕೊಯ್ಯುವವರಿಲ್ಲದೆ ಮರದಡಿ ಬಿದ್ದು ಕೊಳೆಯುವ ಊರು ನಮ್ಮದು.

ಉಡುಪಿಯ ಸಸ್ಯಾಹಾರಿ ನೆಂಟರು ಇದನ್ನೆಲ್ಲ ಓದಿ ಬೀಗುವ ಮೊದಲು ಹಾಲಿನ ಲೆಕ್ಕವನ್ನೂ ನೋಡಲಿ. ಅದೇ ಅಧ್ಯಯನದಲ್ಲಿ ಒಂದು ಲೀಟರ್ ಹಾಲಿಗೆ 3.2 ಕಿಲೋ, ಸೋಯಾ ಹಾಲಿಗೆ ಒಂದು ಕಿಲೋದಷ್ಟು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಕ್ಷೀರವ್ರತ ಹಿಡಿದು ಹಾಲು ಬಿಡುವ ರೂಢಿ ಅಲ್ಲಿ ಇದ್ದೇ ಇದೆ, ಮೊಸರಿಗೆ ಆ ತಿಂಗಳು ಅಡ್ಡಿಯಿಲ್ಲ ಎನ್ನುವುದು ಬೇರೆ ಮಾತು. ಬದಲಿಗಳಲ್ಲಿ ಸೋಯಾ ಹಾಲು ಗಟ್ಟಿ ಡಿಕಾಕ್ಷನ್ನಿಗೆ ಬಿದ್ದೊಡನೆ ಒಡೆದು ತೇಲುತ್ತದೆ. ಕಾಫಿಯ ಹುಳಿ, ಬಿಸಿ ಎರಡೂ ಅದಕ್ಕೆ ಆಗದು. ಓಟ್ಸ್ ಹಾಲು ಒಡೆಯುವುದಿಲ್ಲ, ಕಾಫಿಗೆ ಅದೇ ಮೇಲು, ಬೆಲೆ ಮಾತ್ರ ದಿನಬಳಕೆಗೆ ಹೊಂದುವಂಥದ್ದಲ್ಲ. ತೆಂಗಿನಹಾಲು ಪಾಯಸಕ್ಕೆ ಸರಿ, ಕಾಫಿಗೆ ಬೇಡವೇ ಬೇಡ.

ಮೀನಿಗೆ ಬದಲಿ ಹುಡುಕಿ ಸೋತೆವು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಜೀಗುಜ್ಜೆಯನ್ನು (ದೀವಿಹಲಸು) ತೆಳ್ಳಗೆ ಹೆಚ್ಚಿ, ಮೆಣಸಿನ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾಯಿಸಿದರೆ ಊಟ ಸಾಗುತ್ತದೆ. ಬಂಗುಡೆಯ ನೆನಪು ಹೋಗುವುದಿಲ್ಲ.

ಈಗ ನಮ್ಮ ಮನೆಯ ಏರ್ಪಾಡು ಹೀಗಿದೆ: ಬೇಸಿಗೆಯಲ್ಲಿ ಕಡಲೆ–ಗುಜ್ಜೆ, ಉಳಿದ ದಿನ ಚೆನ್ನಾಗಿ ಹಿಂಡಿದ ಸೋಯಾ. ಪೊಟ್ಟಣ ತರುವುದು ತಮ್ಮ ಬಿರಿಯಾನಿ ಮಾಡುತ್ತೇನೆಂದು ಹೊರಟ ದಿನ ಮಾತ್ರ, ಅದೂ ಅವನ ದುಡ್ಡಿನಲ್ಲಿ.