ಬಿರುಸು ನಡಿಗೆಯೋ, ಬಸ್ಕಿ-ದಂಡವೋ: ಎರಡನ್ನೂ ಮಾಡಿ ನೋಡಿದ ಮೇಲೆ

ಮೈಸೂರಿನಲ್ಲಿ ನಲವತ್ತು ದಾಟಿದ ಅನೇಕರಿಗೆ ವ್ಯಾಯಾಮವೆಂದರೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದು, ಇಲ್ಲವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು. ನಾನು ಕೆಲವು ತಿಂಗಳು ಇವನ್ನೇ ನೆಚ್ಚಿಕೊಂಡಿದ್ದು, ಬಳಿಕ ನಡಿಗೆಯನ್ನು ಬದಿಗಿಟ್ಟು ಬಸ್ಕಿ, ದಂಡ, ಡಂಬೆಲ್‌ಗಳನ್ನಷ್ಟೇ ಮಾಡಿದೆ. ಈಗ ಎರಡನ್ನೂ ಸೇರಿಸಿಕೊಂಡಿದ್ದೇನೆ.

ನಡಿಗೆಯ ಲಾಭ ಉಸಿರಿನಲ್ಲಿ ಕಂಡಿತು. ಮೊದಮೊದಲು ಬೆಟ್ಟದ ಮೆಟ್ಟಿಲ ದಾರಿಯಲ್ಲಿರುವ ನಂದಿ ವಿಗ್ರಹವನ್ನು ತಲುಪುವಷ್ಟರಲ್ಲಿ ಏದುಸಿರಿನಿಂದ ಮಾತು ತುಂಡಾಗುತ್ತಿತ್ತು; ಬರಬರುತ್ತಾ ಜೊತೆಯವರೊಡನೆ ಮಾತನಾಡುತ್ತಲೇ ಹತ್ತುವುದು ಸಾಧ್ಯವಾಯಿತು. ಹೃದಯವು ಬಡಿತವೊಂದಕ್ಕೆ ಹೆಚ್ಚು ರಕ್ತವನ್ನು ತಳ್ಳುವುದು, ಸ್ನಾಯುಗಳಲ್ಲಿ ಲೋಮನಾಳಗಳೆಂಬ ಅತಿ ಸಣ್ಣ ರಕ್ತನಾಳಗಳೂ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳೂ ಹೆಚ್ಚುವುದು ಇದಕ್ಕೆ ಕಾರಣ. ಆದರೆ 14.2 ಕಿಲೋ ಅನಿಲವೂ ಹೆಚ್ಚುಕಡಿಮೆ ಅಷ್ಟೇ ತೂಕದ ಉಕ್ಕೂ ಸೇರಿದ ಗ್ಯಾಸ್ ಸಿಲಿಂಡರನ್ನು ನೆಲದಿಂದ ಎತ್ತುವಾಗ ಸೊಂಟ ಹಿಡಿಯುವುದು ಮಾತ್ರ ತಪ್ಪಲಿಲ್ಲ. ನಡಿಗೆಯ ಭಾರ ಸಾವಿರಾರು ಬಾರಿ ಬಿದ್ದರೂ ಪ್ರತಿ ಬಾರಿಯೂ ಹಗುರವಾದದ್ದು. ಬಲ ಬೆಳೆಯಲು ಬೇಕಾದದ್ದು ಕೆಲವೇ ಬಾರಿ ಬೀಳುವ, ಕ್ರಮೇಣ ಏರುವ ಭಾರ.

ಬಸ್ಕಿಯ ತಿಂಗಳುಗಳಲ್ಲಿ ಸಿಲಿಂಡರ್ ಹಗುರವೆನಿಸಿತು, ಕೈಯೂರದೆ ನೆಲದಿಂದ ಏಳುವುದು ಸಲೀಸಾಯಿತು. ಹೆಚ್ಚು ಸಂತೋಷ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಹೋದಾಗಿನ ಬೆಟ್ಟದ ಇಳಿತ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕಾಗುತ್ತದೆ; ಹಿಂದೆಲ್ಲ ಕೆಳಗಿನ ಮೆಟ್ಟಿಲುಗಳ ಹೊತ್ತಿಗೆ ಮಂಡಿಯ ಮೇಲೆ ಕಾಣಿಸಿಕೊಳ್ಳುತ್ತಿದ್ದ ನಡುಕ ಈ ಅವಧಿಯಲ್ಲಿ ನಿಂತುಹೋಯಿತು. ಹತ್ತುವಾಗ ಮಾತ್ರ ಕಾಲು ಸಿದ್ಧವಿದ್ದರೂ ಉಸಿರು ಹಿಂದೆ ಬಿತ್ತು.

ಎರಡನ್ನೂ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸುವುದೇ ಎಂಬ ಅನುಮಾನ ಹಳೆಯದು. ವ್ಯಾಯಾಮ ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ 10 ವಾರಗಳ ಪ್ರಯೋಗದಲ್ಲಿ, ಎರಡನ್ನೂ ಒಟ್ಟಿಗೆ ಮಾಡಿದವರ ಬಲ ಕೊನೆಯ ವಾರಗಳಲ್ಲಿ ಇಳಿಯಿತು, ಆದರೆ ಏರೋಬಿಕ್ ಸಾಮರ್ಥ್ಯಕ್ಕೆ, ಅಂದರೆ ಶ್ರಮದಲ್ಲಿ ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಗೆ, ಧಕ್ಕೆಯಾಗಲಿಲ್ಲ. ಆ ಗುಂಪಿನವರು ವಾರಕ್ಕೆ ಐದು ದಿನ ಭಾರ ಎತ್ತಿ, ಆರು ದಿನ ತೀವ್ರವಾಗಿ ಓಡುತ್ತಲೋ ಸೈಕಲ್ ತುಳಿಯುತ್ತಲೋ ಇದ್ದರೆಂಬುದನ್ನು ಮರೆಯಬಾರದು. ನಮ್ಮಂಥವರ ಮಿತವಾದ ಅಭ್ಯಾಸಕ್ಕೆ ಆ ಭಯ ಅನಗತ್ಯವೆಂಬುದು ನನ್ನ ಅಭಿಪ್ರಾಯ. ಒಂದೇ ದಿನ ಎರಡನ್ನೂ ಮಾಡುವಾಗ ಮೊದಲು ಬಸ್ಕಿ, ಆಮೇಲೆ ನಡಿಗೆ ಎಂಬ ಕ್ರಮ ನನಗೆ ಒಗ್ಗಿತು. ಮೆಟ್ಟಿಲು ಹತ್ತಿ ಬಂದ ಮೇಲೆ ಕಾಲು ಸೋತು, ಬಸ್ಕಿಯ ಆಳ ತಾನಾಗಿಯೇ ಕಡಿಮೆಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳುತ್ತದೆ. ನಮ್ಮಲ್ಲಿ ಮೊದಲನೆಯದನ್ನು ಪಾಲಿಸುವವರು ಕೂಡ ಎರಡನೆಯದನ್ನು ಪೈಲ್ವಾನರ ಪಾಲಿಗೆ ಬಿಟ್ಟಿರುತ್ತಾರೆ. ಸ್ನಾಯು ಕರಗುವ ವಯಸ್ಸಿನಲ್ಲಿ ಅದರ ಅಗತ್ಯವೇ ಹೆಚ್ಚು. ಆದ್ದರಿಂದ ಈಗಾಗಲೇ ದಿನವೂ ನಡೆಯುವವರು ನಡಿಗೆಯನ್ನು ಇನ್ನಷ್ಟು ಉದ್ದ ಮಾಡುವ ಬದಲು ವಾರದಲ್ಲಿ ಎರಡು ದಿನ ಅದನ್ನು ಮೊಟಕುಗೊಳಿಸಿ ಬಸ್ಕಿಗೆ ಕೊಡಲಿ ಎನ್ನುತ್ತೇನೆ. ಮಂಡಿ ನೋಯುವವರು ಕುರ್ಚಿಯಿಂದ ಎದ್ದು ಕೂರುವುದರಿಂದ ಆರಂಭಿಸಬಹುದು. ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಕೊಂಡು, ಭಾರ ಎತ್ತುವಾಗ ಉಸಿರು ಬಿಗಿಹಿಡಿಯದೆ ಮಾಡಬೇಕು.