ಎಂಟು ತರಬೇತುದಾರರು, ಹದಿನಾಲ್ಕು ಚೆಂಡು: ಹಾಸನದ ಒಂದು ಬ್ಯಾಸ್ಕೆಟ್‌ಬಾಲ್ ಬೇಸಿಗೆ ಶಿಬಿರ

ಈ ಬಾರಿಯ ಬೇಸಿಗೆ ರಜೆಯಲ್ಲಿ ಹದಿಮೂರು ವರ್ಷದ ಮಗಳನ್ನು ಹಾಸನದ ಒಂದು ಬ್ಯಾಸ್ಕೆಟ್‌ಬಾಲ್ ಶಿಬಿರಕ್ಕೆ ಸೇರಿಸಿದ್ದೆ. ಇಪ್ಪತ್ನಾಲ್ಕು ದಿನ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಅಂಕಣದಲ್ಲಿ ಅಭ್ಯಾಸ, ವಾರಕ್ಕೆ ಎರಡು ಸಂಜೆ ಮುಕ್ಕಾಲು ಗಂಟೆಯ ಪಾಠ, ಶುಲ್ಕ 3,500 ರೂಪಾಯಿ. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಶಿಬಿರದ ಹೆಸರನ್ನಾಗಲಿ ಅದನ್ನು ನಡೆಸಿದ ಮೇಷ್ಟ್ರ ಹೆಸರನ್ನಾಗಲಿ ಇಲ್ಲಿ ಹಾಕುತ್ತಿಲ್ಲ. ಕಾಲೇಜಿನ ದಿನಗಳಲ್ಲಿ ನಾನೂ ಈ ಆಟ ಆಡಿದವನು. ಹಾಗಾಗಿ ಮಗಳನ್ನು ಬಿಟ್ಟು ಮನೆಗೆ ಹಿಂತಿರುಗುವ ಬದಲು ಹೆಚ್ಚಿನ ದಿನ ಅಂಕಣದ ಕಟ್ಟೆಯ ಮೇಲೆ ಕುಳಿತು ನೋಡಿದ್ದೇನೆ, ಸಂಜೆಯ ಪಾಠಗಳಿಗೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೇನೆ.

ಇತರ ಶಿಬಿರಗಳಲ್ಲಿ ಇಲ್ಲದ್ದು ಈ ಸಂಜೆಯ ಪಾಠ. ಒಟ್ಟು ಎಂಟು ಪಾಠಗಳಿಗೆ ಮೇಷ್ಟ್ರು ಆರಿಸಿಕೊಂಡಿದ್ದ ವಿಷಯ ಒಂದೇ: ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 1898ರಿಂದ ಇಂದಿನವರೆಗೆ ಮುಖ್ಯ ತರಬೇತುದಾರರಾದವರು. ಒಂದೂಕಾಲು ಶತಮಾನ ಮೀರಿದ ಆ ಅವಧಿಯಲ್ಲಿ ಆ ಹುದ್ದೆಯಲ್ಲಿ ಕುಳಿತವರು ಎಂಟೇ ಮಂದಿ. ನಮ್ಮಲ್ಲಿ ಒಂದು ಕಾಲೇಜಿನ ಪ್ರಾಂಶುಪಾಲರ ಕೊಠಡಿಯ ಹಲಗೆಯ ಮೇಲೆ ಹತ್ತು ವರ್ಷದಲ್ಲೇ ಎಂಟು ಹೆಸರು ತುಂಬಿಬಿಡುತ್ತದೆ. ಆ ತಂಡದ ಊರಾದ ಲಾರೆನ್ಸ್ ಹಾಸನಕ್ಕಿಂತ ಚಿಕ್ಕದು ಎಂದು ಮೇಷ್ಟ್ರು ಹೇಳಿದಾಗ ಮಕ್ಕಳು ನಂಬಲಿಲ್ಲ. ಹಾಸನದ ಮಕ್ಕಳಿಗೆ ಕಾನ್ಸಾಸ್ ಏಕೆ ಎಂಬ ಪ್ರಶ್ನೆ ಮೊದಲ ದಿನ ನನಗೂ ಬಂದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ತರಗತಿಯಲ್ಲಲ್ಲ, ಅಂಕಣದಲ್ಲಿ.

ಎರಡನೆಯ ದಿನ ಬೆಳಿಗ್ಗೆ ಹೋದಾಗ ರಿಂಗುಗಳ ಕೆಳಗೆ ಯಾರೂ ಇರಲಿಲ್ಲ. ಪಕ್ಕದ ಕಟ್ಟಡದ ಮೊದಲ ಮಹಡಿಯ ಕಂಬಿಗೆ ಒಂದು ಬಿದಿರಿನ ಬುಟ್ಟಿ, ಎದುರಿನ ಗೋಡೆಯ ಮೊಳೆಗೆ ಇನ್ನೊಂದು. ಎರಡನ್ನೂ ಕಟ್ಟಿನಕೆರೆ ಮಾರುಕಟ್ಟೆಯಿಂದ ತಂದಿದ್ದರಂತೆ, ಒಂದರ ತಳದಲ್ಲಿ ಆಲೂಗಡ್ಡೆಯ ಮಣ್ಣು ಇನ್ನೂ ಅಂಟಿಕೊಂಡಿತ್ತು. ಹದಿನೆಂಟು ಮಕ್ಕಳನ್ನು ಒಂಬತ್ತು ಒಂಬತ್ತಾಗಿ ನಿಲ್ಲಿಸಿ, ಕೈಗೆ ಒಂದು ಫುಟ್‌ಬಾಲ್ ಕೊಟ್ಟು, ಚೆಂಡು ಹಿಡಿದವರು ಓಡುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು ಎಂದರು. 1891ರ ಡಿಸೆಂಬರ್‌ನಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಚಳಿಗಾಲದಲ್ಲಿ ಒಳಗೆ ಆಡುವಂಥದ್ದೊಂದು ಆಟವನ್ನು ಎರಡು ವಾರದಲ್ಲಿ ಕಟ್ಟಿಕೊಡಬೇಕೆಂಬ ಆದೇಶ ಹೊತ್ತಿದ್ದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಹದಿಮೂರು ನಿಯಮ ಬರೆದು, ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲಂತಸ್ತಿನ ಕಂಬಿಗೆ ಹೊಡೆಸಿ ಆಡಿಸಿದ ಮೊದಲ ಆಟ ಹೀಗೆಯೇ ಇತ್ತು. ಆ ಕಂಬಿ ಹತ್ತು ಅಡಿ ಎತ್ತರದಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಇಂದಿಗೂ ಪ್ರಪಂಚದ ರಿಂಗುಗಳೆಲ್ಲ ಹತ್ತು ಅಡಿಯಲ್ಲಿವೆ. ಅಂದಿನ ಪಂದ್ಯ ಮುಗಿದದ್ದು 1-0 ಅಂತರದಲ್ಲಿ. ನಮ್ಮ ಮಕ್ಕಳ ಪಂದ್ಯದಲ್ಲಿ ಅರ್ಧ ಗಂಟೆಯಲ್ಲಿ ಎರಡು ಚೆಂಡು ಬುಟ್ಟಿಗೆ ಬಿದ್ದವು. ಪ್ರತಿ ಸಲವೂ ಒಬ್ಬ ಹುಡುಗ ಏಣಿ ಹತ್ತಿ ಚೆಂಡು ತೆಗೆಯುವವರೆಗೆ ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಕಾಯಬೇಕಾಯಿತು. ಡ್ರಿಬಲ್ ಮಾಡುವುದನ್ನು, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡುವುದನ್ನು, ಬಿಟ್ಟು ಬೇರೇನೂ ಬಾರದ ಮಕ್ಕಳು ಅಂದು ಮೊದಲ ಬಾರಿಗೆ ತಲೆ ಎತ್ತಿ ಜೊತೆಯವರು ಎಲ್ಲಿದ್ದಾರೆ ಎಂದು ನೋಡಿದರು. ಮೂರು ವಾರ ಕೂಗಿ ಹೇಳಿದರೂ ತಲೆಗೆ ಹತ್ತದ ಪಾಸಿಂಗ್ ಪಾಠವನ್ನು ಒಂದು ತರಕಾರಿ ಬುಟ್ಟಿ ಕಲಿಸಿತು.

ಆ ನೈಸ್ಮಿತ್ ಅವರೇ 1898ರಲ್ಲಿ ಕಾನ್ಸಾಸ್‌ಗೆ ಹೋಗಿ ಅಲ್ಲಿನ ಮೊದಲ ತರಬೇತುದಾರರಾದರು, ಮತ್ತು ಆ ಎಂಟು ಮಂದಿಯಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತವರು ಅವರೊಬ್ಬರೇ: 55 ಗೆಲುವು, 60 ಸೋಲು. ಆಟವನ್ನು ಹುಟ್ಟಿಸಿದವರಿಗೇ ಆಟದಲ್ಲಿ ಸೋಲು ಎಂದಾಗ ಮಕ್ಕಳು ನಕ್ಕರು. ಮೇಷ್ಟ್ರು ನಗಲು ಬಿಟ್ಟು, ಅವರಿಗೆ ಇದು ದೇಹಕ್ಕೂ ನಡತೆಗೂ ಒಳ್ಳೆಯದಾದ ಒಂದು ವ್ಯಾಯಾಮವಾಗಿತ್ತೇ ಹೊರತು ಗೆಲ್ಲಿಸಿಕೊಡುವ ಉದ್ಯೋಗವಾಗಿರಲಿಲ್ಲ ಎಂದು ವಿವರಿಸಿದರು. ಅದನ್ನು ಉದ್ಯೋಗವಾಗಿಸಿದವರು ಅವರ ಕೈಕೆಳಗೆ ಆಡಿದ ಫಾಗ್ ಅಲೆನ್. 1907ರಿಂದ 1909ರವರೆಗೆ ಒಮ್ಮೆ, ನಡುವೆ ಮೂಳೆ-ಕೀಲುಗಳ ಚಿಕಿತ್ಸಾ ವಿದ್ಯೆ ಕಲಿತು ಬಂದು 1919ರಿಂದ 1956ರವರೆಗೆ ಇನ್ನೊಮ್ಮೆ, ಒಟ್ಟು 39 ಋತುಗಳು, 590 ಗೆಲುವುಗಳು. ಬೇಸ್‌ಬಾಲ್ ಅಂಪೈರ್ ಆಗಿದ್ದಾಗ ಹಡಗಿನ ಮಂಜುಕಹಳೆಯಂಥ ಗಂಟಲಿನಿಂದ ಕೂಗುತ್ತಿದ್ದರೆಂದು ಬಂದ ಅಡ್ಡಹೆಸರು ಈ ‘ಫಾಗ್’, ಅಂದರೆ ಮಂಜು. ನಮ್ಮ ಮೇಷ್ಟ್ರ ಗಂಟಲೂ ಅದೇ ಜಾತಿಯದು. ಆರೂವರೆಗೆ ಅವರು ಕೂಗಿದರೆ ಎದುರು ಮನೆಯ ನಾಯಿ ಎದ್ದು ಗೇಟಿನ ಬಳಿ ಬರುತ್ತಿತ್ತು.

ಅಲೆನ್ ಅವರ ಬಗ್ಗೆ ಮೇಷ್ಟ್ರು ಎರಡು ಸಂಜೆ ತೆಗೆದುಕೊಂಡರು, ಅದು ಸರಿಯೇ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಲು ದುಡಿದದ್ದು, ಅಲ್ಲಿ ಮುದುಕರಾಗಿದ್ದ ನೈಸ್ಮಿತ್ ಕುಳಿತು ಪಂದ್ಯ ನೋಡಿದ್ದು, 1952ರಲ್ಲಿ ಸೇಂಟ್ ಜಾನ್ಸ್ ತಂಡವನ್ನು 80-63ರಿಂದ ಸೋಲಿಸಿ ಕಾಲೇಜು ತಂಡಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಇವನ್ನೆಲ್ಲ ಹೇಳಿದ ಮೇಲೆ, ಏಳಡಿ ಎತ್ತರದ ವಿಲ್ಟ್ ಚೇಂಬರ್ಲಿನ್ ಅವರನ್ನು ಕಾಲೇಜಿಗೆ ಒಲಿಸಿ ತಂದ ಅಲೆನ್‌ಗೆ ಅವರನ್ನು ಮುಖ್ಯ ತಂಡದಲ್ಲಿ ಆಡಿಸುವ ಭಾಗ್ಯ ಇರಲಿಲ್ಲ ಎಂಬುದನ್ನು ಮೇಷ್ಟ್ರು ನಿಧಾನವಾಗಿ ಹೇಳಿದರು: ಮೊದಲ ವರ್ಷದ ವಿದ್ಯಾರ್ಥಿಗಳು ಆಗ ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ, ಎರಡನೆಯ ವರ್ಷ ಬರುವಷ್ಟರಲ್ಲಿ ಅಲೆನ್‌ಗೆ ಎಪ್ಪತ್ತು ತುಂಬಿ ವಿಶ್ವವಿದ್ಯಾಲಯದ ನಿಯಮದ ಪ್ರಕಾರ ನಿವೃತ್ತಿಯಾಯಿತು. ಅವರ ಹೆಸರಿನ ಕ್ರೀಡಾಂಗಣ 1955ರಲ್ಲೇ ಎದ್ದು ನಿಂತಿತ್ತು. ನಿವೃತ್ತಿ ಅಂಚಿನಲ್ಲಿರುವ ಸರ್ಕಾರಿ ನೌಕರರಾದ ನನ್ನಂಥವರಿಗೆ ಈ ಕಥೆ ಮಕ್ಕಳಿಗಿಂತ ಹೆಚ್ಚು ತಾಗಿತು.

ಆದರೆ ಅಲೆನ್ ಪಾಠ ಹಿಗ್ಗಿದ್ದಕ್ಕೆ ಬಲಿಯಾದವರು ಡಬ್ಲ್ಯು.ಒ. ಹ್ಯಾಮಿಲ್ಟನ್. 1909ರಿಂದ 1919ರವರೆಗೆ ಹತ್ತು ವರ್ಷ ತಂಡ ನಡೆಸಿದವರಿಗೆ ಐದೇ ನಿಮಿಷ. 19 ವರ್ಷ ಇದ್ದ ಟೆಡ್ ಓವೆನ್ಸ್ ಅವರಿಗೂ ಅಷ್ಟೇ ಅನ್ಯಾಯವಾಯಿತು. 348 ಪಂದ್ಯ ಗೆದ್ದು, 1971 ಮತ್ತು 1974ರಲ್ಲಿ ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಹಂತಕ್ಕೆ ಒಯ್ದ ವ್ಯಕ್ತಿಯನ್ನು, 1983ರಲ್ಲಿ ಕೆಲಸದಿಂದ ತೆಗೆದರು ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದು ಪಾಠ ಹೇಳುವ ರೀತಿಯಲ್ಲ.

ಶಿಬಿರದ ಅತ್ಯುತ್ತಮ ಭಾಗವೆಂದರೆ ಪಾಠವೂ ಅಭ್ಯಾಸವೂ ಕೂಡಿಕೊಂಡ ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಒಂದು ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವುದು. ಅಲೆನ್ ನಂತರ ಬಂದ ಡಿಕ್ ಹಾರ್ಪ್ ಅವರ ಮೊದಲ ವರ್ಷವೇ, 1957ರಲ್ಲಿ, ಚೇಂಬರ್ಲಿನ್ ಇದ್ದ ಕಾನ್ಸಾಸ್ ತಂಡ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಎದುರು ಮೂರು ಹೆಚ್ಚುವರಿ ಅವಧಿಗಳ ನಂತರ 54-53ರಿಂದ ಸೋತಿತು. ಕೊನೆಯ ಸೆಕೆಂಡುಗಳಲ್ಲಿ ಎದುರಾಳಿ ಹಾಕಿದ ಎರಡು ಫ್ರೀ ಥ್ರೋ ಆ ಪಂದ್ಯವನ್ನು ನಿರ್ಧರಿಸಿದವು. 2008ರ ಫೈನಲ್‌ನಲ್ಲಿ, ಪಟ್ಟಿಯ ಎಂಟನೆಯವರಾದ ಬಿಲ್ ಸೆಲ್ಫ್ ಅವರ ಕಾನ್ಸಾಸ್ ತಂಡ ಮೆಂಫಿಸ್ ಎದುರು ಎರಡು ನಿಮಿಷ ಚಿಲ್ಲರೆ ಉಳಿದಿರುವಾಗ ಒಂಬತ್ತು ಅಂಕ ಹಿಂದಿತ್ತು. ಬೇಕೆಂದೇ ಫೌಲ್ ಮಾಡಿ ಎದುರಾಳಿಯನ್ನು ಆ ಗೆರೆಗೆ ಕಳಿಸಿದರು, ಮೆಂಫಿಸ್‌ನವರು ಅಲ್ಲಿ ತಪ್ಪಿದರು, 2.1 ಸೆಕೆಂಡ್ ಇರುವಾಗ ಮಾರಿಯೊ ಚಾಮರ್ಸ್ ದೂರದಿಂದ ಹಾಕಿದ ಮೂರು ಅಂಕ ಪಂದ್ಯವನ್ನು 63-63ಕ್ಕೆ ತಂದಿತು, ಹೆಚ್ಚುವರಿ ಅವಧಿಯಲ್ಲಿ ಕಾನ್ಸಾಸ್ 75-68ರಿಂದ ಗೆದ್ದಿತು. ಆ ಕೊನೆಯ ಎಸೆತವನ್ನು ಮಕ್ಕಳು ಮೂರು ಸಲ ಪರದೆಯ ಮೇಲೆ ನೋಡಲು ಹಟ ಹಿಡಿದರು. ಮೇಷ್ಟ್ರು ಅದನ್ನು ಒಂದೇ ಸಲ ತೋರಿಸಿ, ಮೆಂಫಿಸ್ ತಪ್ಪಿಸಿಕೊಂಡ ಫ್ರೀ ಥ್ರೋಗಳನ್ನು ಮೂರು ಸಲ ತೋರಿಸಿದರು. ಮರುದಿನದಿಂದ ನಿಯಮ ಬಂತು: ಅಭ್ಯಾಸ ಮುಗಿದು ದಣಿದಿರುವಾಗ, ಮನೆಗೆ ಹೋಗುವ ಮೊದಲು, ಪ್ರತಿಯೊಬ್ಬರೂ ಎಲ್ಲರೆದುರು ಎರಡೇ ಎರಡು ಫ್ರೀ ಥ್ರೋ ಹಾಕಬೇಕು, ಹಾಕಿದ್ದು ಬಿದ್ದದ್ದು ಒಂದು ನೋಟ್‌ಬುಕ್ಕಿಗೆ ಹೋಗುತ್ತದೆ. ಮಗಳು ಮೊದಲ ವಾರ ಒಂದನ್ನೂ ಹಾಕಲಿಲ್ಲ, ಮೊಣಕಾಲು ಬಗ್ಗಿಸದೆ ಬರೀ ತೋಳಿನಿಂದ ಎಸೆಯುತ್ತಿದ್ದಳು. ಕೊನೆಯ ವಾರದ ಆರು ದಿನದಲ್ಲಿ ಹನ್ನೆರಡಕ್ಕೆ ಐದು. ಇಷ್ಟಕ್ಕೇ 3,500 ರೂಪಾಯಿ ಕೊಡಬಹುದು ಎನ್ನುವುದು ನನ್ನ ಅಭಿಪ್ರಾಯ.

ಲ್ಯಾರಿ ಬ್ರೌನ್ ಮತ್ತು ರಾಯ್ ವಿಲಿಯಮ್ಸ್ ಅವರ ಪಾಠದ ದಿನ ಮೇಷ್ಟ್ರು ಕರಿಹಲಗೆಯ ಮೇಲೆ ಒಂದು ವಂಶವೃಕ್ಷ ಬರೆದರು. ಅಲೆನ್ ಅವರ 1952ರ ತಂಡದಲ್ಲಿದ್ದ ಡೀನ್ ಸ್ಮಿತ್ ಮುಂದೆ ನಾರ್ತ್ ಕ್ಯಾರೊಲಿನಾದ ತರಬೇತುದಾರರಾದರು. ಅಲ್ಲಿ ಅವರ ಕೈಕೆಳಗೆ ಆಡಿದ ಬ್ರೌನ್ 1983ರಲ್ಲಿ, ಅಲ್ಲಿಯೇ ಅವರ ಸಹಾಯಕರಾಗಿದ್ದ ವಿಲಿಯಮ್ಸ್ 1988ರಲ್ಲಿ ಕಾನ್ಸಾಸ್‌ಗೆ ಬಂದರು. ಬ್ರೌನ್ ಬಳಿ ಕಿರಿಯ ಸಹಾಯಕರಾಗಿದ್ದ ಸೆಲ್ಫ್ 2003ರಲ್ಲಿ ಅದೇ ಹುದ್ದೆಗೆ ಮರಳಿದರು. ಬ್ರೌನ್ 1988ರಲ್ಲಿ ಹನ್ನೊಂದು ಪಂದ್ಯ ಸೋತ ತಂಡದಿಂದಲೇ ಪ್ರಶಸ್ತಿ ಗೆದ್ದರು, ಫೈನಲ್‌ನಲ್ಲಿ ಆಟಗಾರ ಡ್ಯಾನಿ ಮ್ಯಾನಿಂಗ್ ಒಬ್ಬರೇ 31 ಅಂಕ, 18 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು). ವಿಲಿಯಮ್ಸ್ ಹದಿನೈದು ವರ್ಷದಲ್ಲಿ 418 ಪಂದ್ಯ ಗೆದ್ದೂ ಪ್ರಶಸ್ತಿ ಕಾಣಲಿಲ್ಲ. 2003ರ ಫೈನಲ್‌ನಲ್ಲಿ ಸಿರಾಕ್ಯೂಸ್‌ಗೆ ಮೂರು ಅಂಕದಿಂದ ಸೋತ ಬೆನ್ನಿಗೇ ನಾರ್ತ್ ಕ್ಯಾರೊಲಿನಾಗೆ ಹೋಗಿ, ಅಲ್ಲಿ ಮೂರು ಗೆದ್ದರು. ಹಲಗೆಯ ಕೆಳಮೂಲೆಯಲ್ಲಿ ಮೇಷ್ಟ್ರು ಇನ್ನೊಂದು ಕೊಂಬೆ ಎಳೆದರು: ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್, ಅವರು 1920ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು, ಅಲ್ಲಿ ಓದಿ ಬಂದ ತಮ್ಮ ಮೇಷ್ಟ್ರು, ಆಮೇಲೆ ತಾವು. ಕಡ್ಡಿ ಗೆರೆಯ ತುದಿಗೆ ‘ನೀವು’ ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟರು. ಸ್ವಲ್ಪ ನಾಟಕೀಯವಾಗಿತ್ತು, ಒಪ್ಪುತ್ತೇನೆ. ಆದರೆ ಕಾನ್ಸಾಸ್ ಏಕೆ ಎಂದು ಆಮೇಲೆ ನಾನು ಕೇಳಲಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಈ ಚರಿತ್ರೆಯಲ್ಲಿ ಕಪ್ಪುಚುಕ್ಕೆಗಳಿವೆ, ಅವನ್ನು ಪಾಠದಲ್ಲಿ ಒರೆಸಿ ಹಾಕಲಾಗಿತ್ತು. ಬ್ರೌನ್ ಕಾಲದ ನಿಯಮಭಂಗಕ್ಕಾಗಿ 1989ರಲ್ಲಿ ಹಾಲಿ ಚಾಂಪಿಯನ್ ತಂಡವನ್ನೇ ಟೂರ್ನಿಯಿಂದ ಹೊರಗಿಡಲಾಯಿತು. ಸೆಲ್ಫ್ ಅವರ 2017-18ರ ಋತುವಿನ ಹದಿನೈದು ಗೆಲುವುಗಳನ್ನು 2023ರಲ್ಲಿ ದಾಖಲೆಯಿಂದ ಅಳಿಸಲಾಯಿತು. ಸೆಲ್ಫ್ 2022ರಲ್ಲಿ ಮಧ್ಯಂತರಕ್ಕೆ ಹದಿನೈದು ಅಂಕ ಹಿಂದಿದ್ದೂ ನಾರ್ತ್ ಕ್ಯಾರೊಲಿನಾವನ್ನು 72-69ರಿಂದ ಮಣಿಸಿದ್ದನ್ನು ಹೇಳಿದವರು ಇದನ್ನೂ ಹೇಳಬೇಕಿತ್ತು. ಇನ್ನೂ ದೊಡ್ಡ ಲೋಪವೆಂದರೆ ಜಾನ್ ಮೆಕ್ಲೆಂಡನ್. ಕಪ್ಪುವರ್ಣೀಯರೆಂಬ ಕಾರಣಕ್ಕೆ 1930ರ ದಶಕದಲ್ಲಿ ಕಾನ್ಸಾಸ್ ತಂಡದಲ್ಲಿ ಆಡಲಾಗದ ಅವರು ಅದೇ ವಿಶ್ವವಿದ್ಯಾಲಯದಲ್ಲಿ ವಯಸ್ಸಾದ ನೈಸ್ಮಿತ್ ಅವರ ಶಿಷ್ಯರಾಗಿ ಕಲಿತು, ಮುಂದೆ ಟೆನೆಸಿಯ ಕಾಲೇಜೊಂದಕ್ಕೆ 1957ರಿಂದ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಎಂಟು ಮಂದಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ, ನಿಜ. ಆದರೆ ವಂಶವೃಕ್ಷ ಎಳೆಯುವವರು ಆ ಕೊಂಬೆಯನ್ನು ಬಿಡಬಾರದು. ಕೊನೆಯ ದಿನ ಇದನ್ನು ಮೇಷ್ಟ್ರಿಗೆ ಹೇಳಿದೆ. “ಬರ್ಕೊಡಿ ಸಾರ್, ಮುಂದಿನ ವರ್ಷ ಸೇರಿಸ್ತೀನಿ” ಎಂದರು. ಬರೆದು ಕೊಟ್ಟಿದ್ದೇನೆ.

ಉಳಿದ ಕೊರತೆಗಳು ವ್ಯವಸ್ಥೆಗೆ ಸೇರಿದವು. ಮೂವತ್ತು ಮಕ್ಕಳಿಗೆ ಸೀಮಿತ ಎಂದು ಕರಪತ್ರದಲ್ಲಿ ಹಾಕಿ ಐವತ್ತೆರಡು ಮಂದಿಯನ್ನು ತೆಗೆದುಕೊಂಡಿದ್ದರು, ಚೆಂಡುಗಳು ಇದ್ದದ್ದು ಹದಿನಾಲ್ಕು, ಅವುಗಳಲ್ಲಿ ಮೂರು ಬೆಳಿಗ್ಗೆ ಗಾಳಿ ತುಂಬಿದರೆ ಎಂಟು ಗಂಟೆಗೆ ಮೆತ್ತಗಾಗುತ್ತಿದ್ದವು. ಪೂರ್ವದ ರಿಂಗು ಎದ್ದು ಕಾಣುವಷ್ಟು ಮುಂದಕ್ಕೆ ಬಾಗಿದೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸಲು ಜಾಗವಿಲ್ಲ. ಇದನ್ನು ಮೂವರು ತಾಯಂದಿರು ಮೊದಲ ವಾರವೇ ಹೇಳಿದ್ದರೂ ಕೊನೆಯವರೆಗೂ ಏನೂ ಆಗಲಿಲ್ಲ, ಇದಕ್ಕೆ ಕ್ಷಮೆ ಇಲ್ಲ. ರಸೀದಿ ಮೂರನೆಯ ವಾರ ಕೈಸೇರಿತು. ಏಪ್ರಿಲ್ ಕೊನೆಯ ಸಂಜೆ ಮಳೆಗಳಿಗೆ ಅಂಕಣದಲ್ಲಿ ನೀರು ನಿಂತು ಬೆಳಿಗ್ಗೆ ಗೋಣಿಚೀಲದಲ್ಲಿ ಒರೆಸಬೇಕಾಗಿ ಬಂದ ದಿನಗಳಲ್ಲಿ ಮಾತ್ರ ಯಾರೂ ಗೊಣಗಲಿಲ್ಲ, ಮಕ್ಕಳಿಗೆ ಆ ಕೆಲಸವೇ ಆಟಕ್ಕಿಂತ ಖುಷಿಯಾಗಿತ್ತು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆ ಮೂರೂವರೆಯೂ ಮೇಷ್ಟ್ರಿಗೆ, ಕಳೆದ ಒಂದೂವರೆ ಆಡಳಿತ ಮಂಡಳಿಗೆ. ಮುಂದಿನ ವರ್ಷ ಸೇರಿಸುವವರು ಮಗುವಿನ ಜೊತೆ ಸ್ವಂತ ಚೆಂಡು ಕಳಿಸಿ, ಹನ್ನೆರಡು ದಾಟಿದ ಹೆಣ್ಣುಮಕ್ಕಳಿಗೆ ಆರನೆಯ ಅಳತೆಯದು ಸಾಕು. ದುಡ್ಡು ಕಟ್ಟುವಾಗಲೇ ರಸೀದಿ ಕೇಳಿ ಪಡೆಯಿರಿ. ಬುಟ್ಟಿಯ ಪಂದ್ಯ ಎರಡನೆಯ ದಿನವೇ ಇರುವುದರಿಂದ ಮದುವೆ, ಗೃಹಪ್ರವೇಶ ಎಂದು ಮೊದಲ ದಿನಗಳನ್ನು ತಪ್ಪಿಸಬೇಡಿ.